ಕಾವ್ಯ ನಾಟಕ ಬೇಡ, ಭಾಷೆ ಕಲಿಸಬೇಕು ಅನ್ನುವವರಿಗೆ ಕಾಲೇಜಿನಲ್ಲಿ ಜಾಗ ಇದೆಯಾ?

ಪ್ರಶ್ನೆ: ನನ್ನ ಊರು ಶಿರಸಿ ಹತ್ತಿರ. ವಯಸ್ಸು 28. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಈಗ ಕಾರವಾರದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕವಿತೆ, ನಾಟಕ ಪಾಠ ಮಾಡುವುದಕ್ಕಿಂತ, ಇಂಗ್ಲಿಷ್ ಅಂದರೆ ಹೆದರುವ ಹುಡುಗ ಒಂದು ಪ್ಯಾರಾ ತಾನೇ ಬರೆಯುವ ಹಾಗೆ ಮಾಡುವುದರಲ್ಲಿ ನನಗೆ ಖುಷಿ. ಇದರಲ್ಲೇ ಸಂಶೋಧನೆ ಮಾಡಿ ಕಾಲೇಜಿನಲ್ಲೇ ಉಳಿಯಬೇಕು ಅಂತ ಆಸೆ. ನೆಟ್ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಒಮ್ಮೆ ಬರೆದೆ, ಆಗಲಿಲ್ಲ. ಮನೆಯಲ್ಲಿ "ಬಿ.ಎಡ್. ಮಾಡಿಕೋ" ಅನ್ನುತ್ತಾರೆ. ಗೆಳತಿ "ಸೆಲ್ಟಾ ಅನ್ನುವ ಇಂಗ್ಲಿಷ್ ಬೋಧನೆಯ ಕೋರ್ಸ್ ಮಾಡಿ ಹೊರದೇಶಕ್ಕೆ ಹೋಗು" ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಜಾಗ ಇದೆ. ಆದರೆ ನಮ್ಮಲ್ಲಿ ಆ ಜಾಗಕ್ಕೆ ಹೋಗುವ ದಾರಿ ಸಾಹಿತ್ಯದ ಬಾಗಿಲಿನಿಂದಲೇ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಲೆಕ್ಕ ಸುಲಭ.

ನಮ್ಮ ಪದವಿ ಕಾಲೇಜುಗಳಲ್ಲಿ 'ಇಂಗ್ಲಿಷ್ ಭಾಷಾ ಬೋಧನೆ' ಅಂತ ಬೇರೆ ಹುದ್ದೆ ಕರೆಯುವುದಿಲ್ಲ. ಕರೆಯುವುದು ಇಂಗ್ಲಿಷ್ ಸಹಾಯಕ ಪ್ರಾಧ್ಯಾಪಕರನ್ನು. ಅದಕ್ಕೆ ಬೇಕಾದ್ದು ಎಂ.ಎ.ಯಲ್ಲಿ ಶೇ. 55 ಅಂಕ (ಮೀಸಲಾತಿ ಇದ್ದವರಿಗೆ 50), ಜೊತೆಗೆ ನೆಟ್ ಅಥವಾ ನಮ್ಮ ರಾಜ್ಯದ್ದೇ ಆದ ಅಂಥ ಪರೀಕ್ಷೆ ಕೆಸೆಟ್. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ. ಕಡ್ಡಾಯವಲ್ಲ. ಹಾಗಾಗಿ ನಿಮ್ಮ ಮೊದಲ ಕೆಲಸ ಆ ಪರೀಕ್ಷೆ ದಾಟುವುದು. ಇಷ್ಟವೋ ಕಷ್ಟವೋ, ಅದನ್ನು ಬಿಟ್ಟು ಬೇರೆ ಯಾವ ಸರ್ಟಿಫಿಕೇಟ್ ಹಿಡಿದು ಹೋದರೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಕಾಯಂ ಹುದ್ದೆ ಸಿಗುವುದಿಲ್ಲ.

ನೆಟ್‌ನ ಇಂಗ್ಲಿಷ್ ಪತ್ರಿಕೆಯಲ್ಲಿ ಹತ್ತು ಘಟಕಗಳಿವೆ. ನಾಟಕ, ಕಾವ್ಯ, ಕಾದಂಬರಿ, ಗದ್ಯ, ವಿಮರ್ಶೆ ಇತ್ಯಾದಿಗಳ ನಡುವೆ ನಿಮ್ಮ ಆಸಕ್ತಿಯವು ಎರಡಿವೆ. ಒಂದು, ಭಾಷೆಯ ಮೂಲ ಕಲ್ಪನೆಗಳು ಮತ್ತು ಬೋಧನೆ. ಇನ್ನೊಂದು, ಭಾರತದಲ್ಲಿ ಇಂಗ್ಲಿಷಿನ ಇತಿಹಾಸ. ಸಾಹಿತ್ಯ ಓದಿದವರು ಇವೆರಡನ್ನು ಕೊನೆಗೆ ಒಂದು ಗೈಡ್ ತಿರುವಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ, ಇಲ್ಲಿ ಒಂದು ಅಂಕವನ್ನೂ ಬಿಡದ ಹಾಗೆ ಓದಿ. ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅದರಲ್ಲಿ ಮೊದಲ ಪತ್ರಿಕೆಯ 50 ಪ್ರಶ್ನೆಗಳು ಎಲ್ಲ ವಿಷಯದವರಿಗೂ ಒಂದೇ. ಇಂಗ್ಲಿಷಿನವರು ಸಾಮಾನ್ಯವಾಗಿ ಎಡವುವುದೇ ಇಲ್ಲಿ. ದತ್ತಾಂಶದ ಪಟ್ಟಿ, ತರ್ಕ, ಲೆಕ್ಕ ನೋಡಿದರೆ ನಮಗೆ ಜ್ವರ ಬರುತ್ತದೆ, ಅಲ್ವಾ? ಕಾಲೇಜಿನ ಗಣಿತದ ಸಹೋದ್ಯೋಗಿ ಜೊತೆ ಸಂಜೆ ಸ್ವಲ್ಪ ಕೂತರೆ ಅದು ಸರಿಹೋಗುತ್ತದೆ. ಕೆಸೆಟ್ ಅನ್ನೂ ಬರೆಯಿರಿ. ಅದನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನಮ್ಮ ರಾಜ್ಯದ ಮಟ್ಟಿಗೆ ಅದೂ ಸಾಕು.

ಇನ್ನೊಂದು ವಿಷಯ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗುವ ಸಂಶೋಧನಾ ವೇತನ, ಜೆಆರ್‌ಎಫ್‌ಗೆ 30 ವರ್ಷದ ಮಿತಿ ಇದೆ, ಆದರೆ ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ನಿಮಗಿನ್ನೂ ಸಮಯ ಇದೆ. ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನೆಮ್ಮದಿಯಾಗಿ ಸಂಶೋಧನೆ ಮಾಡಲು ಇದಕ್ಕಿಂತ ಒಳ್ಳೆ ಆಸರೆ ನನಗೆ ಗೊತ್ತಿಲ್ಲ.

ಈಗ ಕಹಿ ಮಾತು. ಪರೀಕ್ಷೆ ಪಾಸಾದ ತಕ್ಷಣ ನೌಕರಿ ಸಿಗುವುದಿಲ್ಲ. ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ ಅರ್ಜಿ ಕರೆದಾಗ ಎಲ್ಲ ವಿಷಯ ಸೇರಿ 1,242 ಹುದ್ದೆಗಳಿದ್ದವು. ಇಂಥ ಕರೆ ವರ್ಷವರ್ಷ ಬರುವುದಲ್ಲ. ನಡುವಿನ ಕಾಲ ಅತಿಥಿ ಉಪನ್ಯಾಸಕರಾಗಿಯೇ ಕಳೆಯಬೇಕು. 2022ರ ಜನವರಿಯಲ್ಲಿ ಅವರ ಗೌರವಧನ ಏರಿಸಿದಾಗಲೂ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅರ್ಹತೆ ಮತ್ತು ಐದು ವರ್ಷಕ್ಕಿಂತ ಜಾಸ್ತಿ ಸೇವೆ ಇದ್ದವರಿಗೆ ನಿಗದಿಯಾದದ್ದು 32,000. ಕಾಯಂ ಸಹಾಯಕ ಪ್ರಾಧ್ಯಾಪಕರ ಯುಜಿಸಿ ಮೂಲ ವೇತನ ಶುರುವಾಗುವುದೇ 57,700ರಿಂದ. ಒಂದೇ ಸ್ಟಾಫ್ ರೂಮು, ಒಂದೇ ಪಾಠ, ಸಂಬಳ ಮಾತ್ರ ಹೀಗೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಆದರೆ ಅನ್ಯಾಯ ಸರಿಹೋಗುವ ತನಕ ನೀವು ಊಟ ಮಾಡಬೇಕಲ್ಲ. ಹಾಗಾಗಿ ಮನೆಯವರ ಮಾತನ್ನು ತಳ್ಳಿಹಾಕಬೇಡಿ. ನಮ್ಮ ರಾಜ್ಯದಲ್ಲಿ ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆ ಬಿ.ಎಡ್. ಬೇಕು. ಎರಡು ವರ್ಷದ ಓದು. ಪಿಯು ಕಾಲೇಜಿನಲ್ಲಿ ಇದ್ದುಕೊಂಡೇ ಪಿಎಚ್‌.ಡಿ. ಮುಗಿಸಿದವರು ಇದ್ದಾರೆ. ಮುಂದಿನ ನೆಟ್ ಮತ್ತು ಕೆಸೆಟ್ ನೋಡಿ, ಎರಡೂ ಕೈಕೊಟ್ಟರೆ ಬಿ.ಎಡ್.ಗೆ ಸೇರಿ. ಒಟ್ಟೊಟ್ಟಿಗೆ ಎಲ್ಲಕ್ಕೂ ಕೈ ಹಾಕಬೇಡಿ.

ಸೆಲ್ಟಾ ಬಗ್ಗೆ. ಅದು ಕೇಂಬ್ರಿಜ್‌ನ ಸರ್ಟಿಫಿಕೇಟ್. ಸುಮಾರು 120 ಗಂಟೆಯ ಕೋರ್ಸು, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಎದುರು ಪಾಠ. ಹಿಂದೆ ಒಬ್ಬರು ಕೂತು ನೋಡಿ, ಪಾಠ ಮುಗಿದ ಮೇಲೆ ಮುಲಾಜಿಲ್ಲದೆ ಹೇಳುತ್ತಾರೆ. ಈ ಭಾಗ ಬಹಳ ಒಳ್ಳೆಯದು. ನಮ್ಮ ಎಂ.ಎ.ಯಲ್ಲಿ ಪಾಠ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಆದರೆ ಅಲ್ಲಿನ ಕ್ಲಾಸಿನಲ್ಲಿ ಕೂತಿರುವವರು ಹತ್ತು-ಹದಿನೈದು ಜನ. ನಿಮ್ಮ ಬಿ.ಕಾಂ. ಕ್ಲಾಸಿನಲ್ಲಿ? ಗಲ್ಫ್‌ನ ಭಾಷಾ ಕೇಂದ್ರಗಳಿಗೆ ಅಥವಾ ಖಾಸಗಿ ಸಂಸ್ಥೆಗಳಿಗೆ ಹೋಗುವುದಾದರೆ ಸೆಲ್ಟಾ ಕೆಲಸಕ್ಕೆ ಬರುತ್ತದೆ. ಇಲ್ಲಿನ ಕಾಲೇಜಿನ ನೇಮಕಾತಿಗೆ ಅದರಿಂದ ಪ್ರಯೋಜನ ಇಲ್ಲ. ನೀವು ಇಲ್ಲೇ ಇರಬೇಕು ಅನ್ನುತ್ತೀರಿ, ಅಷ್ಟು ಶುಲ್ಕ ಈಗ ಕಟ್ಟಬೇಡಿ.

ಅದರ ಬದಲು ಹೈದರಾಬಾದಿನ ಕಡೆ ನೋಡಿ. ಅಲ್ಲಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಎಲ್ಲರೂ ಇಫ್ಲು ಅನ್ನುತ್ತಾರೆ, ಶುರುವಾದದ್ದೇ ಇಂಗ್ಲಿಷ್ ಮೇಷ್ಟ್ರುಗಳಿಗಾಗಿ. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಅಂತ ಹುಟ್ಟಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ನಮ್ಮ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕು ಎಂದ ವರದಿಗೆ ಯಾರ ಹೆಸರಿದೆಯೋ ಅದೇ ಗೋಕಾಕರು. ಇಂಗ್ಲಿಷ್ ಕಲಿಸುವವರು ಕನ್ನಡದ ವಿರೋಧಿಗಳು ಅಂತ ಯಾರಾದರೂ ನಿಮ್ಮನ್ನು ಚುಚ್ಚಿದರೆ ಈ ಹೆಸರು ಹೇಳಿ. ಅಲ್ಲಿ ಇಂಗ್ಲಿಷ್ ಬೋಧನೆಗಾಗಿಯೇ ಸ್ನಾತಕೋತ್ತರ ಸರ್ಟಿಫಿಕೇಟ್ ಇದೆ, ಡಿಪ್ಲೊಮಾ ಇದೆ, ಪಿಎಚ್‌.ಡಿ. ಇದೆ. ಸರ್ಟಿಫಿಕೇಟನ್ನು ದೂರಶಿಕ್ಷಣದಲ್ಲಿ ಮಾಡಬಹುದು, ಕೆಲಸ ಬಿಡಬೇಕಿಲ್ಲ. ಧ್ವನಿಶಾಸ್ತ್ರ, ವ್ಯಾಕರಣ, ಪಠ್ಯ ತಯಾರಿ, ಪರೀಕ್ಷೆ ರೂಪಿಸುವುದು, ಇವನ್ನು ಒಂದು ಕ್ರಮದಲ್ಲಿ ಕಲಿಯಲು ಇದು ಸಾಕು. ನೆಟ್‌ನ ಆ ಎರಡು ಘಟಕಗಳ ತಯಾರಿಯೂ ಅದರಲ್ಲೇ ಆಗಿಬಿಡುತ್ತದೆ.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ನಮ್ಮ ಜಿಲ್ಲೆಯ ಎಷ್ಟೋ ಶಾಲಾ ಮೇಷ್ಟ್ರು ಅಲ್ಲಿ ತರಬೇತಿ ಪಡೆದು ಬಂದವರು. ಆ ಸಂಸ್ಥೆಯನ್ನು ನಾನು ಹೆಸರಿಸುವುದು ತರಬೇತಿಗಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಜಗತ್ತಿನ ಎಲ್ಲ ಭಾಷಾ ಬೋಧನೆಯ ಪುಸ್ತಕಗಳಲ್ಲೂ 'ಬೆಂಗಳೂರು ಪ್ರಾಜೆಕ್ಟ್' ಅಂತ ಒಂದು ಹೆಸರು ಬರುತ್ತದೆ. ಅದು ಶುರುವಾದದ್ದು ಅಲ್ಲಿ.

1979ರಿಂದ 1984ರ ತನಕ ಎನ್.ಎಸ್. ಪ್ರಭು ಮತ್ತು ಜೊತೆಗಾರರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡ ಕ್ಲಾಸು, ಕಪ್ಪು ಹಲಗೆ, ಸೀಮೆಸುಣ್ಣ, ಅಷ್ಟೇ. ಅವರು ವ್ಯಾಕರಣವನ್ನು ಪಾಠವಾಗಿ ಮಾಡಲಿಲ್ಲ. ಮಕ್ಕಳಿಗೆ ಬಿಡಿಸಬೇಕಾದ ಒಂದು ಸಮಸ್ಯೆ ಕೊಟ್ಟರು. ಒಂದು ನಕ್ಷೆ, ಒಂದು ರೈಲಿನ ವೇಳಾಪಟ್ಟಿ, ಅದರ ಮೇಲೆ ಪ್ರಶ್ನೆಗಳು. ಮೊದಲು ಇಡೀ ಕ್ಲಾಸು ಮೇಷ್ಟ್ರ ಜೊತೆ ಒಂದನ್ನು ಬಿಡಿಸುತ್ತದೆ. ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬರೂ ತಾವೇ ಬಿಡಿಸುತ್ತಾರೆ. ಮಗುವಿನ ಗಮನ ಅರ್ಥದ ಮೇಲೆ ಇದ್ದಾಗ ಭಾಷೆಯ ರಚನೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಕ್ಲಾಸಿನ ಅರ್ಧ ಜನಕ್ಕಾದರೂ ಅರ್ಧ ಭಾಗವಾದರೂ ಬರಬೇಕು, ಆಗ ಆ ಸಮಸ್ಯೆ ಸರಿಯಾದ ಮಟ್ಟದ್ದು ಅಂತ ಒಂದು ಅಳತೆ ಇಟ್ಟುಕೊಂಡಿದ್ದರು. ಮೇಷ್ಟ್ರಾದವರಿಗೆ ಇದಕ್ಕಿಂತ ಉಪಯುಕ್ತವಾದ ಅಳತೆ ಕಡಿಮೆ. ಇಂದು ಎಲ್ಲ ದೇಶಗಳಲ್ಲೂ ನಡೆಯುತ್ತಿರುವ 'ಟಾಸ್ಕ್' ಆಧಾರಿತ ಬೋಧನೆಗೆ ಇದು ಒಂದು ಮುಖ್ಯ ಮೂಲ. ಈ ಪ್ರಯೋಗಕ್ಕೆ ಟೀಕೆಗಳೂ ಬಂದಿವೆ, ಅವನ್ನೂ ಓದಿ. ಪ್ರಭು ಅವರ ಪುಸ್ತಕ 1987ರದು, ತೆಳ್ಳಗಿದೆ, ಭಾಷೆ ಸರಳ. ನಿಮ್ಮ ಓದು ಅಲ್ಲಿಂದ ಶುರುವಾಗಲಿ.

ಕಾರವಾರದಲ್ಲಿ ಇದನ್ನು ಮಾಡಿ ನೋಡುವುದು ಎಷ್ಟು ಸುಲಭ ಗೊತ್ತಾ? ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ, ಉಳಿದ ಕಾಲದ್ದು ಬೇರೆ. ಎರಡನ್ನೂ ಮುಂದಿಟ್ಟು ಕೇಳಿ: ಬೆಳಿಗ್ಗೆ ಒಂಬತ್ತಕ್ಕೆ ಮಡಗಾಂವಿನಲ್ಲಿ ಸಂದರ್ಶನ ಇದೆ, ಮನೆ ಕದ್ರಾದಲ್ಲಿ, ಸ್ಟೇಷನ್ ಇರುವುದು ಶಿರವಾಡದಲ್ಲಿ. ಜುಲೈನಲ್ಲಾದರೆ ಯಾವ ಗಾಡಿ, ಡಿಸೆಂಬರಿನಲ್ಲಾದರೆ ಯಾವುದು, ಯಾಕೆ? ಹುಡುಗರು ಕನ್ನಡದಲ್ಲಿ, ಕೊಂಕಣಿಯಲ್ಲಿ ಜಗಳಾಡುತ್ತಾರೆ. ಆಡಲಿ ಬಿಡಿ. ಉತ್ತರವನ್ನು ಕಾರಣದ ಜೊತೆ ಇಂಗ್ಲಿಷಿನಲ್ಲಿ ಬರೆಯಬೇಕು ಅನ್ನುವುದೊಂದೇ ಷರತ್ತು. 'ಬಿಕಾಸ್', 'ಇಫ್', 'ಅನ್‌ಲೆಸ್' ಇವೆಲ್ಲ ಬೇಕೇ ಬೇಕಾಗಿ ಬರುತ್ತವೆ.

ನಿಮ್ಮ ಶಿರಸಿ ಕಡೆಯ ಮಕ್ಕಳಿಗಾದರೆ ಅಡಿಕೆ ಇದೆ. ಪಠ್ಯದಲ್ಲಿ ಒಂದು ಕ್ರಿಯೆಯನ್ನು ಹಂತಹಂತವಾಗಿ ವಿವರಿಸುವ ಬರಹ ಇರುತ್ತದೆ, ಸಾಮಾನ್ಯವಾಗಿ ಕಾಗದ ತಯಾರಿಸುವುದೋ ಗಾಜು ತಯಾರಿಸುವುದೋ. ಯಾರಿಗೂ ಗಾಜಿನ ಕಾರ್ಖಾನೆ ಗೊತ್ತಿಲ್ಲ. ಚಾಲಿಗೂ ರಾಶಿಗೂ ಏನು ವ್ಯತ್ಯಾಸ ಅಂತ ಬರೆಯಲು ಹೇಳಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಸುಲಿದರೆ ಚಾಲಿ. ಹಸಿಯಾಗಿ ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ, ಅದರಲ್ಲೊಂದು ರಾಶಿ. ಇದನ್ನು ಹೇಳಲು ಕರ್ಮಣಿ ಪ್ರಯೋಗ ಬೇಕು, ಕಾಲದ ಕ್ರಮ ಬೇಕು, ಹೋಲಿಕೆ ಬೇಕು. ವಿಷಯ ಅವರದ್ದೇ ಆದ್ದರಿಂದ ಮೇಷ್ಟ್ರಿಗೇ ಪಾಠ ಹೇಳುವ ಹುಮ್ಮಸ್ಸು ಬರುತ್ತದೆ. ಕೊನೆಯ ಬೆಂಚಿನ ಹುಡುಗನೂ "ಮೇಡಂ, ಅದು ಹಾಗಲ್ಲ" ಅಂತ ಎದ್ದು ನಿಲ್ಲುತ್ತಾನೆ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ನಿಮ್ಮ ಸಂಶೋಧನೆ ಇರುವುದು ಇಲ್ಲೇ. ಈ ವಿಷಯದಲ್ಲಿ ಪಿಎಚ್‌.ಡಿ. ಮಾಡುವವರು ಬಹಳ ಜನ "ಗ್ರಾಮೀಣ ವಿದ್ಯಾರ್ಥಿಗಳ ಇಂಗ್ಲಿಷ್ ಸಮಸ್ಯೆಗಳು" ಅಂತ ಒಂದು ಶೀರ್ಷಿಕೆ ಹಿಡಿದು, ನೂರು ಜನಕ್ಕೆ ಪ್ರಶ್ನಾವಳಿ ಹಂಚಿ, ಶೇಕಡಾವಾರು ಬರೆದು ಮುಗಿಸುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ಓದಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯಂಥ ಭಾಷೆಯ ಗೊಂಚಲು ಇರುವ ಜಾಗದಲ್ಲಿ ಕೂತು ಅಷ್ಟು ಸಪ್ಪೆ ವಿಷಯ ಹಿಡಿಯಬಾರದು.

ಒಂದು ಉದಾಹರಣೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ನಪುಂಸಕಲಿಂಗದ ಕ್ರಿಯಾಪದ ಬಳಸುತ್ತಾರೆ, "ಅಕ್ಕ ಬಂತು" ಅಂತ. ಕೊಂಕಣಿಯ ಕೆಲವು ಬಗೆಗಳಲ್ಲಿ ಚಿಕ್ಕ ಹುಡುಗಿಯರ ಬಗ್ಗೆ ಮಾತಾಡುವಾಗ ಇಂಥದೇ ಪದ್ಧತಿ ಇದೆ. ಈ ಮನೆಗಳ ಮಕ್ಕಳು ಇಂಗ್ಲಿಷಿನ 'ಹಿ', 'ಶಿ', 'ಇಟ್' ಕಲಿಯುವಾಗ ಬೇರೆ ಮಕ್ಕಳಿಗಿಂತ ಜಾಸ್ತಿ ತಡವರಿಸುತ್ತಾರಾ? ಅಥವಾ ಏನೂ ವ್ಯತ್ಯಾಸ ಇಲ್ಲವಾ? "ವ್ಯತ್ಯಾಸ ಇಲ್ಲ" ಅಂತ ಬಂದರೂ ಅದು ಒಳ್ಳೆಯ ಸಂಶೋಧನೆಯೇ. ಶಿರಸಿಯವರಾಗಿ ಕಾರವಾರದಲ್ಲಿ ಪಾಠ ಮಾಡುವ ನಿಮಗೆ ಎರಡೂ ಕಡೆಯ ಕಿವಿ ಇದೆ. ಹೈದರಾಬಾದಿನಲ್ಲಿ ಕೂತವರಿಗೆ ಅದಿಲ್ಲ.

ಇನ್ನೂ ಇವೆ. ಕರ್ನಾಟಕದಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಅಂದರೆ ಇಂದು ನಿಮ್ಮ ಮುಂದೆ ಕೂತಿರುವ ಪದವಿ ವಿದ್ಯಾರ್ಥಿ ಹನ್ನೆರಡು ವರ್ಷ ಇಂಗ್ಲಿಷ್ ಓದಿ ಬಂದವನು. ಅಷ್ಟು ವರ್ಷದಲ್ಲಿ ಅವನೊಳಗೆ ಏನು ಉಳಿಯಿತು, ಏನು ಉಳಿಯಲಿಲ್ಲ? ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿನ ಮಕ್ಕಳು ಟಿಬೆಟನ್, ಹಿಂದಿ, ಕನ್ನಡ, ಇಂಗ್ಲಿಷ್ ನಡುವೆ ಓಡಾಡುತ್ತಾರೆ. ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನಲ್ಲಿ, ಅರಗಾದ ನೌಕಾನೆಲೆಯ ವಸತಿಯಲ್ಲಿ ದೇಶದ ಎಲ್ಲ ಭಾಷೆಯ ಮಕ್ಕಳಿದ್ದಾರೆ. ಹತ್ತು ಮೈಲಿ ಆಚೆಯ ಸರ್ಕಾರಿ ಶಾಲೆಯಲ್ಲಿ ಬೇರೆಯೇ ಚಿತ್ರ.

ಕರಾವಳಿಯ ಹುಡುಗರು ಮರ್ಚೆಂಟ್ ನೇವಿಗೆ ಹೋಗುತ್ತಾರಲ್ಲ, ಅದೂ ಒಂದು ಕ್ಷೇತ್ರ. ಹಡಗಿನ ಮಾತುಕತೆಗೆ ಅಂತಲೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಗೊತ್ತುಪಡಿಸಿದ ಇಂಗ್ಲಿಷ್ ನುಡಿಗಟ್ಟುಗಳ ಒಂದು ಸಂಗ್ರಹ ಒಪ್ಪಿಕೊಂಡಿತು. ಸಮುದ್ರದಲ್ಲಿ ಒಂದು ಮಾತು ತಪ್ಪಾಗಿ ಕೇಳಿದರೆ ಜೀವ ಹೋಗುತ್ತದೆ, ಅದಕ್ಕೆ. ಹಡಗಿನ ಕಂಪನಿಗಳು ನೇಮಕಾತಿಗೆ ಮೊದಲು ಮಾರ್ಲಿನ್ಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕೇಳುವುದುಂಟು. ನರ್ಸಿಂಗ್ ಓದಿದ ಹುಡುಗಿಯರಿಗೆ ಬ್ರಿಟನ್‌ಗೆ ಹೋಗಲು ಓಇಟಿ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬೇಕು. ವೃತ್ತಿಗೆ ಬೇಕಾದ ಇಂಗ್ಲಿಷ್ ಅನ್ನುವುದು ಈ ವಿದ್ಯೆಯಲ್ಲಿ ಒಂದು ದೊಡ್ಡ ಶಾಖೆ. ನಮ್ಮ ಇಲಾಖೆಗಳು ಅದನ್ನು ಟ್ಯೂಷನ್ನು ಅಂತ ಕೀಳಾಗಿ ನೋಡುತ್ತವೆ. ನೀವು ಹಾಗೆ ನೋಡಬೇಡಿ. ಹುದ್ದೆ ಸಿಗುವ ತನಕ ಅದು ಕೈ ಹಿಡಿಯುವ ವಿದ್ಯೆಯೂ ಹೌದು.

ಪಿಎಚ್‌.ಡಿ.ಗೆ ಎಲ್ಲಿ ಸೇರಬೇಕು? 2024ರ ಜೂನ್ ಸುತ್ತಿನಿಂದ ನೆಟ್ ಅಂಕವನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸಬಹುದು. ಹತ್ತಿರ ಅಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ನಮ್ಮ ಜಿಲ್ಲೆಯ ಹೆಚ್ಚಿನ ಕಾಲೇಜುಗಳೂ ಅದಕ್ಕೇ ಸೇರಿವೆ, ರಜೆಯಲ್ಲಿ ಓಡಾಡಬಹುದು. ಆದರೆ ಊರಿಗಿಂತ ಮಾರ್ಗದರ್ಶಕರು ಮುಖ್ಯ. ಭಾಷಾ ಬೋಧನೆಯಲ್ಲಿ ಸ್ವತಃ ಕೆಲಸ ಮಾಡಿದವರನ್ನೇ ಹುಡುಕಿ. ಸಾಹಿತ್ಯದವರು ಒಳ್ಳೆಯವರೇ ಇರಬಹುದು, ಆದರೆ ನಿಮ್ಮ ಅಂಕಿಅಂಶದ ಅಧ್ಯಾಯ ನೋಡಿ "ಇದೆಲ್ಲ ಯಾಕೆ?" ಅಂದರೆ ಕಷ್ಟ. ಒಪ್ಪುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಪ್ರಬಂಧ ಎಷ್ಟು ದಿನಕ್ಕೆ ನೋಡಿ ಕೊಡುತ್ತಿದ್ದರು ಅಂತ ಕೇಳಿ. ಅದೊಂದೇ ಪ್ರಶ್ನೆ ಸಾಕು. ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಕೆಲಸದ ಜೊತೆ ಮಾಡಿದರೆ ಐದಾರು ಅಂತಲೇ ಇಟ್ಟುಕೊಳ್ಳಿ.

ಲೇಖನ ಪ್ರಕಟಣೆ ವಿಷಯದಲ್ಲಿ ಹುಷಾರು. "ಎರಡು ಸಾವಿರ ಕಳಿಸಿ, ನಾಡಿದ್ದು ಪ್ರಕಟಿಸುತ್ತೇವೆ" ಅನ್ನುವ ಪತ್ರಿಕೆಗಳ ಮೆಸೇಜು ನಿಮಗೂ ಬರುತ್ತಿರುತ್ತದೆ. ಅಲ್ಲಿ ಒಮ್ಮೆ ಬರೆದರೆ ಆ ಹೆಸರು ನಿಮ್ಮ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಭಾರತದ ಇಂಗ್ಲಿಷ್ ಶಿಕ್ಷಕರ ಸಂಘ, ಎಲ್ಟಾಯ್ ಅನ್ನುತ್ತಾರೆ, 1969ರಲ್ಲಿ ಚೆನ್ನೈನಲ್ಲಿ ಶುರುವಾದದ್ದು. ಅದಕ್ಕೆ ಸದಸ್ಯರಾಗಿ, ಅದರ ಪತ್ರಿಕೆ ಓದಿ, ಮೊದಲ ಲೇಖನವನ್ನು ಅಂಥ ಕಡೆ ಕಳಿಸಿ. ತಿರಸ್ಕರಿಸಿದರೆ ಕಾರಣ ಬರೆಯುತ್ತಾರೆ, ಆ ಕಾರಣವೂ ಒಂದು ಪಾಠವೇ.

ವಿದೇಶದ ಎಂ.ಎ. ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರಿಟನ್‌ನಲ್ಲಿ ಒಂದು ವರ್ಷದ್ದು ಇದೆ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ, ಬ್ಯಾಂಕ್ ಸಾಲ ಮಾಡಿ ಬೇಡ. ತೋಟ ಅಡವಿಟ್ಟು ತಂದ ಡಿಗ್ರಿ ಇಲ್ಲಿಗೆ ಬಂದ ಮೇಲೆ ಮತ್ತೆ ನೆಟ್ ಬರೆ ಅನ್ನುತ್ತದೆ.

ಈ ಸೆಮಿಸ್ಟರಿಗೆ ನಿಮಗೊಂದು ಕೆಲಸ. ನಿಮ್ಮ ಒಂದು ಕ್ಲಾಸಿನ ಬರಹಗಳನ್ನು ಎಸೆಯಬೇಡಿ. ಪಿಟ್ ಕಾರ್ಡರ್ ಎಂಬ ವಿದ್ವಾಂಸರು 1967ರಲ್ಲೇ ಹೇಳಿದ್ದರು, ಕಲಿಯುವವನ ತಪ್ಪು ಅವನು ಭಾಷೆಯನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದಾನೆ ಅನ್ನುವುದಕ್ಕೆ ಪುರಾವೆ ಅಂತ. "ಐ ಟೋಲ್ಡ್ ಟು ಹಿಮ್" ಅಂತ ಬರೆದ ಹುಡುಗನ ತಲೆಯಲ್ಲಿ "ಅವನಿಗೆ ಹೇಳಿದೆ" ಇದೆ, ಅದು ನಿಮಗೆ ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಕೊಂಕಣಿ ಮನೆಮಾತಿನವರು ಯಾವುದನ್ನು ಹಾಗೆ ತರುತ್ತಾರೆ? ಮಕ್ಕಳ ಒಪ್ಪಿಗೆ ಕೇಳಿ, ಪ್ರಾಂಶುಪಾಲರಿಗೂ ಒಂದು ಪತ್ರ ಕೊಟ್ಟು, ಹಾಳೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಹೆಸರು ಅಳಿಸಿ ಒಂದು ಸಂಖ್ಯೆ ಕೊಡಿ. ಪಕ್ಕದಲ್ಲಿ ಮನೆಮಾತು, ಓದಿದ ಶಾಲೆಯ ಮಾಧ್ಯಮ, ಬರೆದ ತಾರೀಖು ನಮೂದಿಸಿ. ತಿದ್ದುವ ಮೊದಲೇ ಫೋಟೊ ತೆಗೆಯಿರಿ, ಕೆಂಪು ಶಾಯಿ ಬಿದ್ದ ಮೇಲೆ ಹುಡುಗನ ವಾಕ್ಯ ಯಾವುದು, ನಿಮ್ಮದು ಯಾವುದು ಅಂತ ಬಿಡಿಸಲು ಆಗುವುದಿಲ್ಲ.